ತೂಕದ ಲೆಕ್ಕ ಯಾರ ತಲೆಗೆ?

ಮಕ್ಕಳ ಬೊಜ್ಜು, ಮಕ್ಕಳ ಸಕ್ಕರೆ ಕಾಯಿಲೆ ಅಂತ ನಮ್ಮ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಬರುವ ಬರಹಗಳಿಗೆ ಒಂದು ಸಿದ್ಧ ಅಚ್ಚು ಇದೆ. ಮೊದಲ ಪ್ಯಾರಾದಲ್ಲಿ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಚಿಪ್ಸ್ ಪ್ಯಾಕೆಟ್ಟು ಹಿಡಿದ ಮಗು. ಆಮೇಲೆ 'ಇತ್ತೀಚಿನ ಸಂಶೋಧನೆಯ ಪ್ರಕಾರ' ಅಂತ ಒಂದು ಅಂಕಿ. ಕೊನೆಗೆ ತಾಯಂದಿರಿಗೆ ಹತ್ತು ಸೂಚನೆ. ಅಪ್ಪ ಎಲ್ಲೂ ಬರೋದಿಲ್ಲ. ಯಾವ ಸಂಶೋಧನೆ, ಯಾರ ಮೇಲೆ ನಡೆಯಿತು, ಏನು ಫಲ ಬಂತು ಅನ್ನೋದಂತೂ ಬರೋದೇ ಇಲ್ಲ.

ನಾನು ವೈದ್ಯನಲ್ಲ. ಅಂಕಿಅಂಶಗಳ ಜೊತೆ ಕೆಲಸ ಮಾಡುವವನು. ಆ ಅಭ್ಯಾಸದಿಂದಲೇ ಈ ಮೂಲ ಪ್ರಬಂಧಗಳನ್ನು ಒಂದೊಂದಾಗಿ ಓದುತ್ತಾ ಬಂದಿದ್ದೇನೆ. ನನಗೆ ಅನ್ನಿಸಿದ್ದು ಇಷ್ಟು: ಸಂಶೋಧನೆ ಹೇಳ್ತಿರೋದು ಒಂದು, ನಾವು ಕೇಳಿಸ್ಕೊಳ್ತಿರೋದು ಇನ್ನೊಂದು. ಜೊತೆಗೆ, ಸಂಶೋಧನೆಗೂ ತಾನೇ ನೋಡದೆ ಬಿಟ್ಟ ಒಂದು ಮೂಲೆ ಇದೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಯಾಕಂದ್ರೆ ಇದರಲ್ಲಿ ಎಡವಟ್ಟಾದರೆ ಜೀವಕ್ಕೇ ಕುತ್ತು. ನಮ್ಮಲ್ಲಿ ಚಿಕ್ಕ ಮಕ್ಕಳಿಗೆ ಸಕ್ಕರೆ ಕಾಯಿಲೆ ಬಂತು ಅಂದರೆ ಹೆಚ್ಚಾಗಿ ಅದು ಟೈಪ್ 1. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹಾಳುಮಾಡುವ ಕಾಯಿಲೆ ಅದು. ಬೊಜ್ಜಿನಿಂದ ಬಂದದ್ದಲ್ಲ, ಸಿಹಿ ತಿಂದು ಬಂದದ್ದಲ್ಲ. ಆ ಮಗುವಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕೇ ಬೇಕು. ಕಷಾಯ ಕುಡಿಸಿ ಅದನ್ನು ನಿಲ್ಲಿಸಿದರೆ ಮಗು ಉಳಿಯೋದಿಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಏಕಾಏಕಿ ತೂಕ ಇಳಿಯೋದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬೊಜ್ಜಿನ ಜೊತೆ ನಂಟಿರೋದು ಟೈಪ್ 2ಕ್ಕೆ. ಇವೆರಡನ್ನೂ ಕಲಸಿ ಬರೆಯೋ ಲೇಖನ ಓದಿದವರು, ಟೈಪ್ 1 ಮಗುವಿನ ಅಮ್ಮನ ಮುಖಕ್ಕೇ 'ಎಷ್ಟು ಚಾಕೊಲೇಟ್ ಕೊಡ್ತಿದ್ರಿ?' ಅಂತ ಕೇಳಿಬಿಡ್ತಾರೆ. ಇನ್ನು ಮುಂದೆ ನಾನು ಹೇಳೋದೆಲ್ಲ ಟೈಪ್ 2ರ ವಿಷಯ.

ಮಕ್ಕಳ ಟೈಪ್ 2 ಮಧುಮೇಹದ ಚಿಕಿತ್ಸೆಯ ಬಗ್ಗೆ ಎಲ್ಲರೂ ಉಲ್ಲೇಖಿಸುವ ಅಧ್ಯಯನ ಅಮೆರಿಕದ 'ಟುಡೇ'. 10ರಿಂದ 17 ವರ್ಷದ 699 ಮಕ್ಕಳು. ಮೂರು ಗುಂಪು. ಮೊದಲ ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ. ಎರಡನೆಯದಕ್ಕೆ ಅದರ ಜೊತೆ ರೋಸಿಗ್ಲಿಟಜೋನ್ ಅನ್ನೋ ಇನ್ನೊಂದು ಮಾತ್ರೆ. ಮೂರನೆಯದಕ್ಕೆ ಮೆಟ್‌ಫಾರ್ಮಿನ್ ಜೊತೆ ಜೀವನಶೈಲಿ ತರಬೇತಿ: ಊಟ, ವ್ಯಾಯಾಮ, ಮನೆಯವರನ್ನೂ ಕೂರಿಸಿಕೊಂಡು ಕಲಿಸೋದು. 2012ರಲ್ಲಿ ಫಲಿತಾಂಶ ಬಂತು. ಸಕ್ಕರೆ ಹತೋಟಿ ತಪ್ಪಿದವರು ಮೊದಲ ಗುಂಪಿನಲ್ಲಿ ಶೇ. 51.7, ಎರಡು ಮಾತ್ರೆಯ ಗುಂಪಿನಲ್ಲಿ ಶೇ. 38.6, ತರಬೇತಿ ಪಡೆದ ಗುಂಪಿನಲ್ಲಿ ಶೇ. 46.6.

ಈ ಮೂರನೇ ಅಂಕಿಯನ್ನು ಸ್ವಲ್ಪ ನಿಂತು ನೋಡಿ. ಸಂಬಳ ಕೊಟ್ಟು ನೇಮಿಸಿದ ತರಬೇತುದಾರರು, ತಿಂಗಳುಗಟ್ಟಲೆ ಭೇಟಿ, ಎಲ್ಲವೂ ಉಚಿತ. ಆದರೂ ಬರೀ ಮಾತ್ರೆ ನುಂಗಿದವರಿಗೂ ಇವರಿಗೂ ಇದ್ದ ವ್ಯತ್ಯಾಸ ಆಕಸ್ಮಿಕವಲ್ಲ ಅಂತ ಹೇಳುವಷ್ಟು ದೊಡ್ಡದಾಗಿರಲಿಲ್ಲ. ಗೆದ್ದ ಎರಡನೇ ಮಾತ್ರೆಗೋ, ಹೃದಯಕ್ಕೆ ಅಪಾಯ ಅನ್ನೋ ಅನುಮಾನದ ಮೇಲೆ 2010ರಲ್ಲೇ ಅಮೆರಿಕದಲ್ಲಿ ಕಡಿವಾಣ ಬಿದ್ದಿತ್ತು, ಯುರೋಪಿನಲ್ಲಿ ಮಾರಾಟವೇ ನಿಂತಿತ್ತು. ಅದೇ ಮಕ್ಕಳನ್ನು ಮುಂದೆಯೂ ಹಿಂಬಾಲಿಸಿ 2021ರಲ್ಲಿ ಬರೆದ ವರದಿ ಇನ್ನೂ ಕಷ್ಟದ್ದು. ಸರಾಸರಿ 26 ವರ್ಷ ವಯಸ್ಸಿಗೆ, ಶೇ. 67.5 ಮಂದಿಗೆ ರಕ್ತದೊತ್ತಡ, ಶೇ. 54.8 ಮಂದಿಗೆ ಮೂತ್ರಪಿಂಡದ ತೊಂದರೆ ಬಂದಾಗಿತ್ತು. ನಮ್ಮ ಅಜ್ಜನಿಗೆ ಅರವತ್ತೈದರಲ್ಲಿ ಬಂದದ್ದು ಈ ಹುಡುಗರಿಗೆ ಮದುವೆಯ ವಯಸ್ಸಿನಲ್ಲೇ ಬಂದಿತ್ತು.

ಈಗ ನನ್ನ ತಕರಾರು. ಈ ಮಕ್ಕಳು ಯಾರು ಅನ್ನೋದು ಅದೇ ಅಧ್ಯಯನದ ಇನ್ನೊಂದು ಪ್ರಬಂಧದಲ್ಲಿದೆ. ಹತ್ತರಲ್ಲಿ ನಾಲ್ಕು ಮನೆಗಳ ವಾರ್ಷಿಕ ಆದಾಯ 25,000 ಡಾಲರಿಗಿಂತ ಕಡಿಮೆ. ಅಮೆರಿಕದಲ್ಲಿ ಅದು ಬಡತನವೇ. ಹೆತ್ತ ತಂದೆ ತಾಯಿ ಇಬ್ಬರ ಜೊತೆಗೂ ಇದ್ದ ಮಕ್ಕಳು ಶೇ. 40ಕ್ಕಿಂತ ಕಡಿಮೆ. ಹೆಚ್ಚಿನವರು ಕಪ್ಪು ಜನಾಂಗದ, ಲ್ಯಾಟಿನ್ ಮೂಲದ ಕುಟುಂಬಗಳವರು. ಮೂರರಲ್ಲಿ ಒಂದು ಮಗು ಹೊಟ್ಟೆಯಲ್ಲಿದ್ದಾಗಲೇ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಇಷ್ಟೆಲ್ಲ ಬರೆದಿಟ್ಟುಕೊಂಡ ಮೇಲೂ ಪ್ರಯೋಗ ಮಾಡಿದ್ದು ಯಾವುದರ ಮೇಲೆ? ಮಗುವಿನ ನಡವಳಿಕೆಯ ಮೇಲೆ. ಆ ಮನೆಗೆ ತರಕಾರಿ ಕೊಳ್ಳಲು ದುಡ್ಡು ಕೊಟ್ಟಿದ್ದರೆ ಏನಾಗ್ತಿತ್ತು, ಅಮ್ಮನ ಎರಡನೇ ಪಾಳಿ ತಪ್ಪಿಸಿದ್ದರೆ ಏನಾಗ್ತಿತ್ತು ಅಂತ ನೋಡುವ ನಾಲ್ಕನೇ ಗುಂಪು ಇರಲಿಲ್ಲ. ಜೀವನವನ್ನು ಇದ್ದಲ್ಲೇ ಬಿಟ್ಟು ಶೈಲಿ ಮಾತ್ರ ಬದಲಾಯಿಸು ಅಂದಹಾಗಾಯ್ತು.

ಹೊಟ್ಟೆಯಲ್ಲಿದ್ದಾಗಿನ ಮಾತಿಗೆ ಬಂದರೆ, ಅದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಹಳೇ ಪುಸ್ತಕಗಳನ್ನು ಹಿಡಿದು, ದೊಡ್ಡವರಾದ ಅದೇ ಕೂಸುಗಳನ್ನು ಮೈಸೂರಿನಲ್ಲೇ ಹುಡುಕಿ ಪರೀಕ್ಷಿಸಿದ ಕೆರೊಲಿನ್ ಫಾಲ್ ಮತ್ತು ಸಂಗಡಿಗರ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಅಂತ ಅದು ತೋರಿಸಿತು. 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ 'ಪಾರ್ಥೆನಾನ್' ಅನ್ನೋ ಹೊಸ ಅಧ್ಯಯನ ಶುರುವಾಯಿತು. ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಗರ್ಭಕಾಲದ ಮಧುಮೇಹ ಇದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಮೈಕೊಬ್ಬು ಹೆಚ್ಚು, ಇನ್ಸುಲಿನ್‌ಗೆ ದೇಹ ಸ್ಪಂದಿಸೋದು ಕಡಿಮೆ ಅಂತ ಜಿ.ವಿ. ಕೃಷ್ಣವೇಣಿ ಮತ್ತು ತಂಡದವರು 2010ರಲ್ಲಿ ಬರೆದರು. ಆ ಮಕ್ಕಳು ಮೊದಲ ಚಿಪ್ಸ್ ಪ್ಯಾಕೆಟ್ ಒಡೆಯುವ ಮೊದಲೇ ಕತೆ ಶುರುವಾಗಿತ್ತು.

ನಮ್ಮೂರಲ್ಲೇ ನಡೆದ, ಜಗತ್ತೇ ಓದುವ ಈ ಕೆಲಸ ನಮ್ಮ ಆರೋಗ್ಯ ಪುಟಗಳಲ್ಲಿ ಬಂದದ್ದನ್ನು ನಾನು ನೋಡಿಲ್ಲ.

ಇನ್ನೊಂದು ಲೆಕ್ಕ. 2016–18ರ ರಾಷ್ಟ್ರೀಯ ಸಮಗ್ರ ಪೋಷಣೆ ಸಮೀಕ್ಷೆ ಹೇಳೋ ಪ್ರಕಾರ, ನಮ್ಮ ದೇಶದ ಹದಿಹರೆಯದವರಲ್ಲಿ ಹತ್ತಕ್ಕೆ ಒಬ್ಬರ ರಕ್ತದಲ್ಲಿ ಸಕ್ಕರೆ ಮಾಮೂಲಿಗಿಂತ ಮೇಲಿದೆ, ಕಾಯಿಲೆಯ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯಲ್ಲಿ ತೂಕ ಹೆಚ್ಚಿರುವ ಹದಿಹರೆಯದವರು ಶೇ. 5. ದಪ್ಪಗಿರೋ ಒಬ್ಬೊಬ್ಬರೂ ಹೊಸ್ತಿಲಲ್ಲಿದ್ದಾರೆ ಅಂತಲೇ ಇಟ್ಕೊಳ್ಳಿ. ಆಗಲೂ ಉಳಿದ ಅರ್ಧದಷ್ಟು ಮಕ್ಕಳು ದಪ್ಪಗಿಲ್ಲದವರೇ ಆಗಬೇಕು. ಪುಣೆಯ ಯಾಜ್ಞಿಕ್ ಅವರು ಇದರ ಬೇರನ್ನು ಹುಟ್ಟಿದ ಕೂಸಿನಲ್ಲೇ ತೋರಿಸಿದ್ದರು. ಪುಣೆ ಸುತ್ತಲ ಹಳ್ಳಿಗಳ ಕೂಸು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನದು 3.5 ಕಿಲೋ. ತೂಕ, ಮಾಂಸಖಂಡ ಎಲ್ಲದರಲ್ಲೂ ನಮ್ಮ ಕೂಸು ಹಿಂದೆ, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಿಲ್ಲ. ನೋಡೋಕೆ ಸಣಕಲು, ಒಳಗೆ ಕೊಬ್ಬು. ಹಾಗಿರುವಾಗ ದಪ್ಪಗಿರೋ ಮಗುವಿನ ಫೋಟೋ ಹಾಕಿ ಎಚ್ಚರಿಸಿದರೆ ಎಚ್ಚರಾಗೋದು ಅರ್ಧ ಮನೆಗಳು. ಉಳಿದರ್ಧ 'ನಮ್ಮ ಮಗ ಕಡ್ಡಿ ಹಾಗಿದ್ದಾನೆ' ಅಂತ ಹಾಯಾಗಿರುತ್ತಾರೆ.

ದಪ್ಪಗಿರೋ ಮಗುವಿಗೂ ಈ ಎಚ್ಚರಿಕೆಯಿಂದ ಒಳ್ಳೇದೇನೂ ಆಗ್ತಿಲ್ಲ. ನಮ್ಮ ಬೀದಿಯ ಒಬ್ಬ ಹುಡುಗಿ, ಏಳನೇ ಕ್ಲಾಸು. ಶಾಲೆಯ ತಪಾಸಣೆ ಶಿಬಿರದಲ್ಲಿ ಅವಳ ತೂಕವನ್ನು ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಕೂಗಿದರಂತೆ. ಅವತ್ತಿಂದ ಡಬ್ಬಿ ಹಾಗೇ ವಾಪಸ್ ಬರ್ತಿತ್ತು, ಸಂಜೆ ಮನೆಯಲ್ಲಿ ಕದ್ದು ತಿನ್ನೋದು ಶುರುವಾಯ್ತು. ಎರಡು ವರ್ಷದ ಕೂಸಾಗಿದ್ದಾಗ ಅವಳನ್ನೇ 'ಮೈಕೈ ತುಂಬ್ಕೊಂಡು ಎಷ್ಟು ಚೆಂದ' ಅಂತ ಎತ್ತಿ ಮುದ್ದಾಡಿದ ಬೀದಿ ಇದು. ಹನ್ನೆರಡಾದಾಗ ಅದೇ ಬಾಯಿ 'ಡುಮ್ಮಿ' ಅಂತು. ತೂಕದ ಯಂತ್ರದ ಮೇಲೆ ನಿಲ್ಲಿಸೋದು ಚಿಕಿತ್ಸೆ ಅಲ್ಲ.

ಹಾಗಾದರೆ ಔಷಧಿಯೇ ದಾರಿಯೇ? ವಾರಕ್ಕೊಂದು ಚುಚ್ಚುಮದ್ದಾದ ಸೆಮಾಗ್ಲುಟೈಡ್ ಅನ್ನು 12ರಿಂದ 17 ವರ್ಷದ 201 ಮಕ್ಕಳಲ್ಲಿ ಪ್ರಯೋಗಿಸಿ 2022ರಲ್ಲಿ ವರದಿ ಬಂತು. ಪ್ರಯೋಗಕ್ಕೆ ದುಡ್ಡು ಹಾಕಿದ್ದು ಔಷಧಿ ತಯಾರಿಸುವ ನೋವೋ ನಾರ್ಡಿಸ್ಕ್ ಕಂಪನಿಯೇ. 68 ವಾರಗಳ ನಂತರ ಔಷಧಿ ಪಡೆದವರ ಬಿಎಂಐ ಶೇ. 16.1ರಷ್ಟು ಇಳಿದಿತ್ತು, ಔಷಧಿಯಿಲ್ಲದ ಹುಸಿ ಚುಚ್ಚುಮದ್ದು ಪಡೆದವರದ್ದು ಶೇ. 0.6ರಷ್ಟು ಏರಿತ್ತು. ಪತ್ರಿಕೆಗಳು ಮೊದಲ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿದವು. ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೆಯದು. ಯಾಕಂದ್ರೆ ಊಟ, ವ್ಯಾಯಾಮದ ಸಲಹೆ ಎರಡೂ ಗುಂಪಿಗೂ ಸಿಕ್ಕಿತ್ತು. ಒಂದು ವರ್ಷಕ್ಕೂ ಮೀರಿ ಬುದ್ಧಿಮಾತು ಕೇಳಿದ ಮಕ್ಕಳ ತೂಕ ಇಳಿಯಲಿಲ್ಲ. ಅವರೆಲ್ಲ ಸೋಮಾರಿಗಳೇ?

ಔಷಧಿಯನ್ನು ನಾನು ತಳ್ಳಿಹಾಕೋದಿಲ್ಲ. ತೀವ್ರ ಬೊಜ್ಜಿನಿಂದ ಒದ್ದಾಡುವ ಮಗುವಿಗೆ ಅದು ಆಸರೆಯೇ. ಆದರೆ ದೊಡ್ಡವರ ಅಧ್ಯಯನದಲ್ಲಿ ಇದನ್ನು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಹನ್ನೆರಡು ವರ್ಷದ ಮಗು ಎಷ್ಟು ವರ್ಷ ಚುಚ್ಚಿಸಿಕೊಳ್ಳಬೇಕು, ತಿಂಗಳ ಬಿಲ್ಲು ಯಾರು ಕಟ್ಟಬೇಕು ಅನ್ನೋ ಪ್ರಶ್ನೆಗೆ 68 ವಾರದ ಪ್ರಯೋಗದಲ್ಲಿ ಉತ್ತರ ಇರೋದಿಲ್ಲ.

ಇನ್ನು ಸಲಹೆಯೇ ಉಪಯೋಗವಿಲ್ಲ ಅಂತಲೂ ಅಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ ಅದಕ್ಕೂ ಒಂದು ಪ್ರಮಾಣ ಹೇಳಿದೆ: ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ 26 ಗಂಟೆ, ಮಗು ಮತ್ತು ಮನೆಯವರ ಎದುರು ಕೂತು. ನಮ್ಮಲ್ಲಿ ಒಂದು ಮಗುವಿಗೆ ವೈದ್ಯರು ಕೊಡಬಹುದಾದ ಸಮಯ ಐದು ನಿಮಿಷ. ಹೊರಗೆ ನಲವತ್ತು ಜನ ಕಾದಿರ್ತಾರೆ, ಅವರನ್ನೂ ದೂರುವಂತಿಲ್ಲ. ಆ ಐದು ನಿಮಿಷದಲ್ಲಿ 'ಕರಿದಿದ್ದು ಬಿಡಿಸಿ, ಓಡಾಡಿಸಿ' ಅಂದು ಕಳಿಸಿ, ಮುಂದಿನ ಸಲ ತೂಕ ಇಳಿಯದಿದ್ದರೆ ಅಮ್ಮನನ್ನು ಗದರೋದು ಯಾವ ಸಂಶೋಧನೆಯಲ್ಲೂ ಇಲ್ಲ. ಒಂದು ಚಮಚ ಕೊಡಬೇಕಾದ ಔಷಧಿಯನ್ನು ಒಂದು ಹನಿ ಕೊಟ್ಟು ರೋಗಿಯನ್ನು ಬೈದಂತೆ.

2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆಲ್ಲ 'ಶುಗರ್ ಬೋರ್ಡ್' ಹಾಕಿ ಅಂತು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಅಂತ ಮಕ್ಕಳು ಓದಿ ತಿಳಿಯಲಿ ಅಂತ. ತಿಳಿಯಲಿ, ಬೇಡ ಅನ್ನೋದಿಲ್ಲ. ಆದರೆ ಶಾಲೆಯ 50 ಮೀಟರ್ ಸುತ್ತಳತೆಯಲ್ಲಿ ಕೊಬ್ಬು, ಉಪ್ಪು, ಸಕ್ಕರೆ ವಿಪರೀತ ಇರುವ ತಿಂಡಿ ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವೇ ಇದೆ. ನಿಮ್ಮ ಹತ್ತಿರದ ಶಾಲೆಯ ಗೇಟಿನಿಂದ ಐವತ್ತು ಹೆಜ್ಜೆ ನಡೆದು ನೋಡಿ. ದೊಡ್ಡವರು ಪಾಲಿಸಬೇಕಾದ ನಿಯಮವನ್ನು ಕಡತದಲ್ಲಿಟ್ಟು, ಹತ್ತು ವರ್ಷದ ಮಗುವಿಗೆ 'ಬೋರ್ಡ್ ಓದಿ ನೀನೇ ಬುದ್ಧಿವಂತನಾಗು' ಅನ್ನೋದು ಅದೇ ಹಳೇ ಚಾಳಿ. ಅದೇ ಶಾಲೆಯ ಪಿಟಿ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತಗೊಂಡಿರ್ತಾರೆ. ಆಟದ ಮೈದಾನದಲ್ಲಿ ಹೊಸ ಬ್ಲಾಕು ಎದ್ದಿರುತ್ತೆ.

ಸಂಶೋಧಕರಿಂದ ನನಗೆ ಬೇಕಿರೋದು ಬೇರೆ ಥರದ ಪ್ರಯೋಗ. ಗರ್ಭಿಣಿಯ ಸಕ್ಕರೆಯನ್ನು ಮೊದಲ ತಿಂಗಳುಗಳಲ್ಲೇ ನೋಡಿಕೊಂಡರೆ ಹತ್ತು ವರ್ಷದ ನಂತರ ಮಗುವಿನ ಮೈಯಲ್ಲಿ ಏನು ಕಾಣುತ್ತೆ? ಪಿಟಿ ಪೀರಿಯಡ್ ಕಾಯ್ದುಕೊಂಡ ನೂರು ಶಾಲೆಗೂ, ಬಿಟ್ಟುಕೊಟ್ಟ ನೂರು ಶಾಲೆಗೂ ವ್ಯತ್ಯಾಸ ಎಷ್ಟು? 50 ಮೀಟರ್ ನಿಯಮವನ್ನು ಒಂದು ತಾಲೂಕಿನಲ್ಲಿ ನಿಜವಾಗಿ ಜಾರಿ ಮಾಡಿದರೆ? ಇಂಥವು ನಿಧಾನ, ದುಬಾರಿ, ಯಾವ ಕಂಪನಿಯೂ ದುಡ್ಡು ಹಾಕೋದಿಲ್ಲ. ಸರ್ಕಾರವೇ ಹಾಕಬೇಕು.

ಓದುಗರಲ್ಲಿ ಕೇಳೋದು ಚಿಕ್ಕದು. ಮುಂದಿನ ಸಲ 'ಸಂಶೋಧನೆಯ ಪ್ರಕಾರ' ಅಂತ ಶುರುವಾಗುವ ಲೇಖನ ಕಂಡರೆ, ಅದರಲ್ಲಿ ಯಾರನ್ನು ಬದಲಾಗು ಅಂತ ಹೇಳ್ತಿದ್ದಾರೆ ನೋಡಿ. ಮಗು ಮತ್ತು ಅದರ ಅಮ್ಮ ಇಬ್ಬರೇ ಇದ್ದರೆ, ಬರೆದವರು ಸಂಶೋಧನೆಯನ್ನು ಪೂರ್ತಿ ಓದಿಲ್ಲ ಅಂತಲೇ ತಿಳೀರಿ. ನಿಮ್ಮ ಮನೆಯಲ್ಲಿ ಗರ್ಭಕಾಲದಲ್ಲಿ ಸಕ್ಕರೆ ಬಂದ ತಾಯಿಯಿದ್ದರೆ, ಆ ಮಗು ದಪ್ಪಗಿರಲಿ ಸಣಕಲಿರಲಿ, ವೈದ್ಯರಿಗೆ ಆ ಮಾತು ಮರೆಯದೆ ಹೇಳಿ. ತೂಕದ ಯಂತ್ರ ಅದನ್ನು ಹೇಳೋದಿಲ್ಲ.