ಚಿಕ್ಕ ಕೊಕ್ಕೆ, ಚಾಚಿದ ಅಂಚು

ಪುಣೆಯ ಖಡ್ಕಿಯಲ್ಲಿ 1869ರಲ್ಲಿ ಶುರುವಾದ ಮದ್ದುಗುಂಡು ಕಾರ್ಖಾನೆಯ ಹಳೆಯ .303 ತೋಟಾ ಸಿಕ್ಕರೆ ಬುಡ ತಿರುಗಿಸಿ ನೋಡಿ. 'ಕೆಎಫ್' ಮುದ್ರೆ ಇರುತ್ತದೆ. ಮುದ್ರೆಗಿಂತ ಮುಖ್ಯವಾದದ್ದು ಅದರ ಸುತ್ತ ಹೊರಕ್ಕೆ ಚಾಚಿದ ಹಿತ್ತಾಳೆಯ ಅಂಚು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಈ ತೋಟಾ ಹಾರಿಸುವ ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಅಂಕ ಹಾಕುವವರು ಬಹಳ. ಜರ್ಮನರ ಮೌಸರ್ 98ರ ಉದ್ದನೆಯ ಪಂಜದ ಮುಂದೆ, ಖಾಲಿ ಕೇಸನ್ನು ಹೊರಗೆಳೆಯುವ ಇದರ ಎಕ್ಸ್‌ಟ್ರಾಕ್ಟರ್ ಏನೂ ಅಲ್ಲ, ಬರೀ ಒಂದು ಪುಟ್ಟ ಕೊಕ್ಕೆ ಎಂಬುದು ಅವರ ದೂರು.

ದೂರಿನಲ್ಲಿ ಹುರುಳಿಲ್ಲವೆನ್ನಲಾರೆ. ಮೌಸರಿನಲ್ಲಿ ತೋಟಾ ಮ್ಯಾಗಜಿನ್ನಿನಿಂದ ಮೇಲೇಳುತ್ತಲೇ ಪಂಜದೊಳಗೆ ಸೇರುತ್ತದೆ. ಗಾಬರಿಬಿದ್ದ ಸಿಪಾಯಿ ಬೋಲ್ಟನ್ನು ಪೂರ್ತಿ ಮುಚ್ಚದೆ ಹಿಂದಕ್ಕೆಳೆದರೂ ತೋಟಾ ಅದರ ಜೊತೆಗೇ ಬರುತ್ತದೆ. ಒಂದರ ಬೆನ್ನಿಗೆ ಇನ್ನೊಂದು ತುರುಕಿಕೊಳ್ಳುವುದಿಲ್ಲ. ಲೀ-ಎನ್‌ಫೀಲ್ಡಿನಲ್ಲಿ ಈ ಭರವಸೆಯಿಲ್ಲ.

ಆದರೆ ಖಾಲಿ ಕೇಸನ್ನು ಹೊರಗೆಳೆಯುವ ಮಾತು ಬಂದರೆ ಚಿಕ್ಕ ಕೊಕ್ಕೆಯನ್ನು ನಾನು ಬಿಟ್ಟುಕೊಡುವುದಿಲ್ಲ. ಮೌಸರಿನ ಪಂಜ ಹಿಡಿಯಬೇಕಾದದ್ದು ಬುಡದ ಸುತ್ತ ಕೊರೆದ ಕಚ್ಚನ್ನು; .303ರಲ್ಲಿ ಹಿಡಿಯಲೆಂದೇ ಅಂಚು ಹೊರಗೆ ನಿಂತಿದೆ. ಬಿಸಿಗೆ ಚೇಂಬರಿನಲ್ಲಿ ಕಚ್ಚಿಕೊಂಡ ಕೇಸು ಸಡಿಲವಾಗುವುದಾದರೂ ಬೋಲ್ಟಿನ ಹಿಡಿ ಎತ್ತುವಾಗ. ಅಲ್ಲೊಂದು ಓರೆ ಮೈ ಇಡೀ ಬೋಲ್ಟನ್ನು ತುಸುವೇ ಹಿಂದಕ್ಕೆ ಮೀಟುತ್ತದೆ. ಮೌಸರಿನಲ್ಲೂ ಇದೇ ಉಪಾಯ. ಇನ್ನು ಬೋಲ್ಟ್ ತಿರುಗಿದರೂ ಅದರ ತಲೆ ತಿರುಗದು, ಹಾಗಾಗಿ ಕೊಕ್ಕೆ ಅಂಚಿಗೆ ಉಜ್ಜಿ ಸವೆಯದು. ಮುರಿದರೆ ಒಂದು ಸ್ಕ್ರೂ ಬಿಚ್ಚಿ ಬೇರೆ ಹಾಕಿದರಾಯಿತು.

ನನ್ನ ತಕರಾರು ಬೇರೆ. ಹೊರಗೆಳೆಯಲು ನೆರವಾದ ಅಂಚೇ ಒಳಗೆ ಹೋಗುವಾಗ ಅಡ್ಡಗಾಲು ಹಾಕುತ್ತದೆ. ಮ್ಯಾಗಜಿನ್ನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಸಿಕ್ಕಿಕೊಂಡು ಬೋಲ್ಟ್ ಮುಂದೆ ಹೋಗದು. 5 ತೋಟಾಗಳನ್ನು ಒಟ್ಟಿಗೆ ಹಿಡಿದಿಡುವ ಚಾರ್ಜರಿನಲ್ಲಿ ಅವನ್ನು ಮೇಲೊಂದು ಕೆಳಗೊಂದಾಗಿ ಜೋಡಿಸುವುದು ಇದಕ್ಕೇ. ಯಂತ್ರ ಹೊರಬೇಕಾದ ಜವಾಬ್ದಾರಿಯನ್ನು ತುಂಬುವವನ ಬೆರಳಿಗೆ ದಾಟಿಸಿದ ವಿನ್ಯಾಸವಿದು. ಅದನ್ನು ಜಾಣತನವೆಂದು ಹೊಗಳುವುದು ನನಗೆ ಒಪ್ಪಿಗೆಯಿಲ್ಲ.

1960ರ ದಶಕದಲ್ಲಿ ಇಶಾಪುರದ ರೈಫಲ್ ಕಾರ್ಖಾನೆ ಇದೇ ಕೋವಿಯನ್ನು ಅಂಚು ಚಾಚದ 7.62 ಮಿ.ಮೀ. ತೋಟಾಕ್ಕೆ ಒಗ್ಗಿಸಿ 2ಎ, 2ಎ1 ಮಾದರಿಗಳನ್ನು ತಂದಿತು. ಎಕ್ಸ್‌ಟ್ರಾಕ್ಟರನ್ನು ತಿದ್ದಿದರು, ಮ್ಯಾಗಜಿನ್ ಬದಲಾಯಿತು, ಉಕ್ಕು ಗಟ್ಟಿಯಾಯಿತು. ಬೋಲ್ಟಿನ ಕ್ರಮ ಮಾತ್ರ ಹಾಗೇ ಉಳಿಯಿತು. ಕೊಕ್ಕೆಯನ್ನು ದೂರುವವರು ಈ ಕೋವಿಯನ್ನೊಮ್ಮೆ ಬಿಚ್ಚಿ ನೋಡಬೇಕು. 7.62 ಬಂದರೂ ಹಳೆಯ .303 ಉಳಿದೇ ಇತ್ತು; ಉತ್ತರ ಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟಿದ್ದು 2020ರ ಗಣರಾಜ್ಯೋತ್ಸವದಂದು.