ಮೂರನೆಯ ಸಹೋದರ ಎಲ್ಲಿ?

ಅಮೆರಿಕದ ಕ್ರೀಡಾ ವಾಹಿನಿ ಇಎಸ್‌ಪಿಎನ್‌ಗಾಗಿ ಮೈಕಲ್ ಟೊಲಾಜಿಯನ್ ನಿರ್ದೇಶಿಸಿದ ‘ವನ್ಸ್ ಬ್ರದರ್ಸ್’ ಸಾಕ್ಷ್ಯಚಿತ್ರ ಬಂದದ್ದು 2010ರಲ್ಲಿ. ಯುಗೊಸ್ಲಾವಿಯ ಎಂಬ ದೇಶ ಒಡೆದುಹೋದಾಗ ಅದರ ಬಾಸ್ಕೆಟ್‌ಬಾಲ್ ತಂಡದ ಇಬ್ಬರು ಗೆಳೆಯರ ನಡುವಿನ ಮಾತೂ ನಿಂತುಹೋದ ಕತೆ ಅದು. ಒಬ್ಬ ಸೆರ್ಬ್, ವ್ಲಾಡೆ ಡಿವಾಚ್. ಇನ್ನೊಬ್ಬ ಕ್ರೊಯೇಟ್, ಡ್ರಾಜೆನ್ ಪೆಟ್ರೊವಿಚ್. ಕತೆ ಹೇಳುವವರು ಸ್ವತಃ ಡಿವಾಚ್. ಬಾಸ್ಕೆಟ್‌ಬಾಲ್‌ನ ಗಂಧಗಾಳಿ ಇಲ್ಲದವರೂ ಕಣ್ಣು ಒದ್ದೆ ಮಾಡಿಕೊಳ್ಳುವಂತಹ ಚಿತ್ರ. ಅದನ್ನು ನೋಡಿದವರಲ್ಲಿ ಹೊಗಳಿದವರೇ ಹೆಚ್ಚು, ಆ ಹೊಗಳಿಕೆಗೆ ಅದು ಅರ್ಹವೂ ಹೌದು. ಆದರೆ ಒಡೆದುಹೋದ ಮನೆಯಲ್ಲಿ ಇದ್ದದ್ದು ಇಬ್ಬರೇ ಸಹೋದರರಲ್ಲ ಎಂಬುದನ್ನು ಮಾತ್ರ ಈ ಚಿತ್ರ ಮರೆತೇಬಿಟ್ಟಿದೆ.

ಮೊದಲು ಚಿತ್ರದ ಕತೆ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಈ ಹುಡುಗರು 1990ರಲ್ಲಿ ಬ್ಯೂನಸ್ ಐರಿಸ್‌ನ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟವನ್ನು 92-75ರಿಂದ ಸೋಲಿಸುತ್ತಾರೆ. ಸಂಭ್ರಮದ ನಡುವೆ ಒಬ್ಬ ಕ್ರೊಯೇಷಿಯದ ಬಾವುಟ ಹಿಡಿದು ಅಂಕಣಕ್ಕೆ ನುಗ್ಗುತ್ತಾನೆ. ಡಿವಾಚ್ ಅದನ್ನು ಕಿತ್ತು ಎಸೆಯುತ್ತಾರೆ. ಇದು ಯುಗೊಸ್ಲಾವಿಯದ ಗೆಲುವು, ಇಲ್ಲಿ ಬೇರೆ ಯಾವ ಬಾವುಟಕ್ಕೂ ಜಾಗವಿಲ್ಲ ಎಂಬುದು ಅವರ ವಾದ. ಮರುವರ್ಷ ಯುದ್ಧ ಶುರುವಾದಾಗ ಆ ಒಂದು ಕ್ಷಣ ಬೆಳೆದು ಬೆಟ್ಟವಾಗುತ್ತದೆ. ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ ಎದುರಾಎದುರು ಆಡುವಾಗಲೂ ಪೆಟ್ರೊವಿಚ್ ಹಳೆಯ ಗೆಳೆಯನೊಂದಿಗೆ ಮನಬಿಚ್ಚಿ ಮಾತಾಡುವುದಿಲ್ಲ. 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ನಡೆದ ಕಾರು ಅಪಘಾತದಲ್ಲಿ ಪೆಟ್ರೊವಿಚ್ ತೀರಿಕೊಂಡಾಗ ವಯಸ್ಸು ಕೇವಲ 28. ರಾಜಿಗೆ ಅವಕಾಶವೇ ಉಳಿಯಲಿಲ್ಲ. ವರ್ಷಗಳ ನಂತರ ಡಿವಾಚ್ ಝಾಗ್ರೆಬ್‌ಗೆ ಹೋಗಿ ಗೆಳೆಯನ ತಾಯಿಯ ಮುಂದೆ ಕೂರುತ್ತಾರೆ. ಚಿತ್ರದ ಜೀವ ಇರುವುದು ಈ ದೃಶ್ಯದಲ್ಲಿ. ಮಗನನ್ನು ಕಳೆದುಕೊಂಡ ತಾಯಿ, ತಪ್ಪು ಯಾರದೆಂದು ಕೇಳದೆ ಬಂದವನನ್ನು ಮನೆಯೊಳಗೆ ಕರೆದುಕೊಳ್ಳುವ ಆ ಹೊತ್ತಿಗೆ ಯಾವ ವಿಮರ್ಶಕನ ಲೇಖನಿಯೂ ಮೊಂಡಾಗುತ್ತದೆ.

ಆದರೆ ಇಡೀ ಚಿತ್ರದಲ್ಲಿ ಯುದ್ಧ ಮಳೆಗಾಲದಂತೆ ಬಂದುಹೋಗುತ್ತದೆ. ಮೋಡ ಕವಿಯಿತು, ಮಳೆ ಸುರಿಯಿತು, ಸೇತುವೆ ಕೊಚ್ಚಿಹೋಯಿತು. ಯಾರು ಮದ್ದುಗುಂಡು ತಂದರು, ಯಾರು ಯಾರ ಊರನ್ನು ಸುತ್ತುವರಿದರು ಎಂಬ ಪ್ರಶ್ನೆ ಕತೆಯ ಅಂಚಿನಲ್ಲೇ ಉಳಿಯುತ್ತದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪೆಟ್ರೊವಿಚ್‌ನ ಕ್ರೊಯೇಷಿಯ ಅಮೆರಿಕದ ವಿರುದ್ಧ ಫೈನಲ್ ಆಡಿ ಬೆಳ್ಳಿ ಗೆದ್ದಿತು. ಡಿವಾಚ್‌ನ ಯುಗೊಸ್ಲಾವಿಯ ಅಲ್ಲಿ ಇರಲೇ ಇಲ್ಲ. ಏಕೆ? 1992ರ ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 757ನೆಯ ಗೊತ್ತುವಳಿಯ ಮೂಲಕ ಸೆರ್ಬಿಯ ಮತ್ತು ಮಾಂಟೆನೆಗ್ರೊ ಮಾತ್ರ ಉಳಿದಿದ್ದ ಯುಗೊಸ್ಲಾವಿಯದ ಮೇಲೆ ನಿರ್ಬಂಧ ಹೇರಿತ್ತು. ವ್ಯಾಪಾರದ ಜೊತೆ ಕ್ರೀಡೆಯೂ ಅದರಲ್ಲಿ ಸೇರಿತ್ತು. ಆ ಗೊತ್ತುವಳಿಗೆ ಕಾರಣ ಕ್ರೊಯೇಷಿಯವೂ ಅಲ್ಲ, ಯಾವುದೋ ಬಾವುಟವೂ ಅಲ್ಲ. ಕಾರಣ ಬೋಸ್ನಿಯ. ಹೀಗಿರುವಾಗ ಬೋಸ್ನಿಯವನ್ನು ಬದಿಗಿಟ್ಟು ಇಬ್ಬರು ಗೆಳೆಯರ ಕತೆ ಹೇಳಹೊರಟರೆ ಆ ಕತೆಯ ಕೀಲೇ ಕಳಚಿದಂತಾಗುವುದಿಲ್ಲವೇ?

ಇದನ್ನು ಅರ್ಥ ಮಾಡಿಕೊಳ್ಳಲು 1995ರ ಯುರೋಪಿಯನ್ ಚಾಂಪಿಯನ್‌ಶಿಪ್ ಫೈನಲ್‌ನತ್ತ ಹೊರಳಬೇಕು. ಸ್ಥಳ ಅಥೆನ್ಸ್, ದಿನಾಂಕ ಜುಲೈ 2. ನಿರ್ಬಂಧ ಸಡಿಲಗೊಂಡು ಮರಳಿ ಬಂದ ಯುಗೊಸ್ಲಾವಿಯ ಒಂದು ಕಡೆ. ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಪುಟ್ಟ ಲಿಥುವೇನಿಯ ಇನ್ನೊಂದು ಕಡೆ. ಲಿಥುವೇನಿಯದ ಸಬೋನಿಸ್ ಮತ್ತು ಮಾರ್ಚುಲಿಯೊನಿಸ್ ಸಿಯೋಲ್‌ನಲ್ಲಿ ಸೋವಿಯತ್ ಅಂಗಿ ತೊಟ್ಟು ಡಿವಾಚ್ ಮತ್ತು ಪೆಟ್ರೊವಿಚ್ ತಂಡವನ್ನು ಸೋಲಿಸಿದವರು. ಏಳೇ ವರ್ಷಗಳಲ್ಲಿ ಎರಡೂ ಕಡೆಯವರ ಹಳೆಯ ದೇಶಗಳು ನಕಾಶೆಯಿಂದಲೇ ಅಳಿಸಿಹೋಗಿದ್ದವು. ಸೆಮಿಫೈನಲ್‌ನಲ್ಲಿ ತಮ್ಮ ತಂಡವನ್ನು ಯುಗೊಸ್ಲಾವಿಯ ಸೋಲಿಸಿದ್ದರಿಂದ ಗ್ರೀಕ್ ಪ್ರೇಕ್ಷಕರು ಲಿಥುವೇನಿಯದ ಪರ ಕೂಗುತ್ತಿದ್ದರು. ಯುಗೊಸ್ಲಾವಿಯದ ಅಲೆಕ್ಸಾಂಡರ್ ಜಾರ್ಜೆವಿಚ್ ಒಬ್ಬರೇ 41 ಅಂಕ ಗಳಿಸಿದರು. ಮಾರ್ಚುಲಿಯೊನಿಸ್ 32. ಕೊನೆಯ ನಿಮಿಷಗಳಲ್ಲಿ ರೆಫರಿಗಳ ತೀರ್ಪನ್ನು ಪ್ರತಿಭಟಿಸಿ ಲಿಥುವೇನಿಯದವರು ಅಂಕಣ ಬಿಟ್ಟು ನಡೆದರು. ಅವರನ್ನು ಮನವೊಲಿಸಿ ಮರಳಿ ಕರೆತಂದವರಲ್ಲಿ ಎದುರಾಳಿ ಜಾರ್ಜೆವಿಚ್ ಕೂಡ ಇದ್ದರು. 96-90. ಚಿನ್ನ ಯುಗೊಸ್ಲಾವಿಯಕ್ಕೆ. ಟೂರ್ನಿಯ ಅತ್ಯುತ್ತಮ ಆಟಗಾರನ ಗೌರವ ಮಾತ್ರ ಸೋತ ಕಡೆಯ ಮಾರ್ಚುಲಿಯೊನಿಸ್‌ಗೆ. ಯುರೋಪಿನ ಬಾಸ್ಕೆಟ್‌ಬಾಲ್ ಇತಿಹಾಸದಲ್ಲಿ ಇಂತಹ ಫೈನಲ್‌ಗಳು ಬೆರಳೆಣಿಕೆಯಷ್ಟು. ಆಟವನ್ನು ಆಟವಾಗಿಯೇ ನೋಡುವವರು ಇವತ್ತಿಗೂ ಇದನ್ನು ನೋಡಬಹುದು.

ಪದಕ ಕೊಡುವ ಹೊತ್ತಿಗೆ ಇನ್ನೊಂದು ಪ್ರಸಂಗ ನಡೆಯಿತು. ಕಂಚು ಪಡೆದ ಕ್ರೊಯೇಷಿಯದ ಆಟಗಾರರು, ಯುಗೊಸ್ಲಾವಿಯಕ್ಕೆ ಚಿನ್ನ ಕೊಡುವ ಮೊದಲೇ ವೇದಿಕೆಯಿಂದ ಇಳಿದು ಹೊರಟುಹೋದರು. ಒಂದು ಕಾಲದಲ್ಲಿ ಒಂದೇ ಕೋಣೆಯಲ್ಲಿ ಮಲಗಿ ಎದ್ದವರು ಪರಸ್ಪರ ಕೈಕುಲುಕಲೂ ನಿಲ್ಲಲಿಲ್ಲ. ಪತ್ರಿಕೆಗಳು ಈ ಮುನಿಸನ್ನೇ ದೊಡ್ಡದು ಮಾಡಿದವು.

ಆದರೆ ಆ ವೇದಿಕೆಗೆ ಬರಲಾರದವರ ಲೆಕ್ಕ ಬೇರೆಯೇ ಇತ್ತು. ಫೈನಲ್‌ಗೆ ಐದು ವಾರ ಮೊದಲು, ಮೇ 25ರ ಸಂಜೆ, ಬೋಸ್ನಿಯದ ತುಜ್ಲಾ ಪಟ್ಟಣದ ಚೌಕದಲ್ಲಿ ಬಿದ್ದ ಒಂದೇ ಷೆಲ್‌ಗೆ 71 ಮಂದಿ ಬಲಿಯಾಗಿದ್ದರು. ಬಹುತೇಕರು ಯುವಜನರು. ಫೈನಲ್ ಮುಗಿದ ಒಂಬತ್ತನೆಯ ದಿನ, ಜುಲೈ 11ರಂದು, ಸ್ರೆಬ್ರೆನಿಕಾ ಸೆರ್ಬ್ ಸೇನೆಯ ಕೈಗೆ ಬಿತ್ತು. ಎಂಟು ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ಅದು ನರಮೇಧವೆಂದು 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಹೇಳಿತು. ಕ್ರೊಯೇಟರೂ ಇಲ್ಲಿ ಬರೀ ನೊಂದವರಲ್ಲ. 1993ರ ನವೆಂಬರ್ 9ರಂದು ಮೊಸ್ತಾರ್‌ನ ನಾಲ್ಕು ಶತಮಾನಗಳ ಹಳೆಯ ಆಟೊಮನ್ ಸೇತುವೆಯನ್ನು ಉರುಳಿಸಿದ್ದು ಬೋಸ್ನಿಯದ ಕ್ರೊಯೇಟ್ ಪಡೆಗಳು. ಅಂದರೆ ಚಿತ್ರದ ಇಬ್ಬರು ‘ಸಹೋದರರ’ ಹೆಸರಿನಲ್ಲಿ ಕಾದಾಡಿದ ಪಡೆಗಳೂ ಮೂರನೆಯವನ ಮನೆಯನ್ನು ಹಂಚಿಕೊಳ್ಳಲು ನೋಡಿದ್ದವು. ಇಬ್ಬರ ಜಗಳ ಮಾತ್ರ ಹೇಳಿದಾಗ ಅಳಿಸಿಹೋಗುವುದು ಈ ಸಂಗತಿ.

ಇನ್ನೂ ವಿಚಿತ್ರವೆಂದರೆ, ಅಥೆನ್ಸ್‌ನಲ್ಲಿ ಚಿನ್ನ ಗೆದ್ದ ಯುಗೊಸ್ಲಾವಿಯ ತಂಡದ ಪ್ರೆಡ್ರಾಗ್ ಡ್ಯಾನಿಲೊವಿಚ್ ಹುಟ್ಟಿದ್ದು ಸರಯೇವೊದಲ್ಲಿ. ಚೆಂಡು ಹಿಡಿಯಲು ಕಲಿತದ್ದು ಅಲ್ಲಿನ ‘ಬೋಸ್ನಾ’ ಕ್ಲಬ್‌ನಲ್ಲಿ. ಆತ ಚಿನ್ನಕ್ಕೆ ಕೊರಳೊಡ್ಡಿದ ದಿನ ಹುಟ್ಟೂರು ಮುತ್ತಿಗೆಯ ನಾಲ್ಕನೆಯ ವರ್ಷದಲ್ಲಿತ್ತು. 1984ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಝೆಟ್ರಾ ಕ್ರೀಡಾಂಗಣದ ಮರದ ಆಸನಗಳನ್ನು ಶವಪೆಟ್ಟಿಗೆಗೆ ಬಳಸುವ ಕಾಲ ಅದು. ಡ್ಯಾನಿಲೊವಿಚ್ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವುದು ಬೇಡ. ಆದರೆ ಸಾಕ್ಷ್ಯಚಿತ್ರ ಮಾಡುವವನಿಗೆ ಇದಕ್ಕಿಂತ ದೊಡ್ಡ ವಸ್ತು ಬೇಕಿತ್ತೇ?

ಬೋಸ್ನಾ ಕ್ಲಬ್ ಸಾಮಾನ್ಯದ್ದಲ್ಲ. ಯುರೋಪಿಯನ್ ಚಾಂಪಿಯನ್ಸ್ ಕಪ್ ಗೆದ್ದ ಮೊದಲ ಯುಗೊಸ್ಲಾವ್ ಕ್ಲಬ್ ಬೆಲ್‌ಗ್ರೇಡ್‌ನದ್ದೂ ಅಲ್ಲ, ಝಾಗ್ರೆಬ್‌ನದ್ದೂ ಅಲ್ಲ, ಸರಯೇವೊದ ಈ ಬೋಸ್ನಾ. 1979ರಲ್ಲಿ ಗ್ರೆನೋಬಲ್‌ನಲ್ಲಿ ಇಟಲಿಯ ವರೇಸೆ ವಿರುದ್ಧ 96-93. ಮಾಂಟೆನೆಗ್ರೊದಿಂದ ಬಂದ ಝಾರ್ಕೊ ವರಾಯಿಚ್ 45 ಅಂಕ, ತುಜ್ಲಾದ ಮಿರ್ಜಾ ಡೆಲಿಬಾಶಿಚ್ 30 ಅಂಕ. ಮಿರ್ಜಾ ಎಂಬ ಹೆಸರೇ ಹೇಳುವಂತೆ ಮುಸ್ಲಿಂ ಮನೆಯ ಹುಡುಗ. 1978ರಲ್ಲಿ ವಿಶ್ವ ಚಾಂಪಿಯನ್, 1980ರಲ್ಲಿ ಮಾಸ್ಕೊ ಒಲಿಂಪಿಕ್ಸ್ ಚಿನ್ನ, ಆಮೇಲೆ ರಿಯಲ್ ಮ್ಯಾಡ್ರಿಡ್. ಮಿದುಳಿನ ರಕ್ತಸ್ರಾವದಿಂದ 1983ರಲ್ಲೇ ಆಟ ನಿಂತಿತು. ಯುದ್ಧ ಬಂದಾಗ ಯುರೋಪಿನ ಯಾವ ನಗರಕ್ಕಾದರೂ ಹೋಗಿ ನೆಮ್ಮದಿಯಾಗಿ ಇರಬಹುದಾಗಿದ್ದ ಈತ ಸರಯೇವೊ ಬಿಡಲಿಲ್ಲ. ನೀರು, ಬೆಂಕಿ, ಬ್ರೆಡ್ಡಿಗೆ ಸರದಿ ನಿಲ್ಲುವ ಜನರ ನಡುವೆ ತಾನೂ ಒಬ್ಬನಾಗಿ ಉಳಿದ. 2001ರ ಡಿಸೆಂಬರ್‌ನಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡ.

1993ರಲ್ಲಿ, ಪೆಟ್ರೊವಿಚ್ ಸತ್ತ ಎರಡೇ ವಾರಗಳ ನಂತರ ಜರ್ಮನಿಯಲ್ಲಿ ಶುರುವಾದ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಬೋಸ್ನಿಯ ಮೊದಲ ಬಾರಿ ಸ್ವಂತ ಹೆಸರಿನಲ್ಲಿ ಆಡಿತು. ಅಭ್ಯಾಸಕ್ಕೆ ಅಂಕಣವಿಲ್ಲದ, ಊರಿಂದ ಹೊರಬರಲು ದಾರಿಯೇ ಇಲ್ಲದ ಕಾಲದಲ್ಲಿ ಕಟ್ಟಿದ ತಂಡ. ಎಂಟನೆಯ ಸ್ಥಾನ ಪಡೆಯಿತು. ಎಂಟನೆಯ ಸ್ಥಾನದ ಬಗ್ಗೆ ಯಾರೂ ಚಿತ್ರ ತೆಗೆಯುವುದಿಲ್ಲ, ಸರಿ. ಆದರೆ ಆ ಎಂಟನೆಯ ಸ್ಥಾನದ ಮುಂದೆ ಹಲವು ಚಿನ್ನಗಳು ನನಗೆ ಸಪ್ಪೆಯಾಗಿ ಕಾಣುತ್ತವೆ.

ಡಿವಾಚ್ ತನ್ನ ಕತೆ ಹೇಳಿದ್ದಾರೆ, ಅವರಿಂದ ಬೋಸ್ನಿಯದ ಕತೆ ಕೇಳುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಅವರಿಂದ ಕೇಳುತ್ತಿಲ್ಲ. ಆತ ಪ್ರಾಮಾಣಿಕ ಮನುಷ್ಯನೆಂಬುದು ಪರದೆಯ ಮೇಲೇ ಕಾಣುತ್ತದೆ. ಪ್ರಶ್ನೆ ನಿರ್ದೇಶಕನಿಗೆ. ಅಮೆರಿಕದ ಪ್ರೇಕ್ಷಕನಿಗೆ ಸುಲಭವಾಗಿ ಜೀರ್ಣವಾಗಲೆಂದು ಒಂದು ನರಮೇಧದ ಕಾಲವನ್ನು ಇಬ್ಬರು ಗೆಳೆಯರ ತಪ್ಪು ತಿಳುವಳಿಕೆಗೆ ಇಳಿಸಬಹುದೇ? ಬಾವುಟ ಎಸೆದದ್ದು ತಪ್ಪೋ ಸರಿಯೋ ಎಂದು ಚಿತ್ರ ತೂಗುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಅದು ದೊಡ್ಡ ಅಪರಾಧವೇನಲ್ಲ. ಆ ಬಾವುಟವನ್ನೂ ಈ ಬಾವುಟವನ್ನೂ ಹಿಡಿದು ಬೇರೆಯವರ ಮನೆಗೆ ನುಗ್ಗಿದವರು ಯಾರು ಎಂಬುದನ್ನು ತೂಗಿದ್ದರೆ ಚಿತ್ರ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು.

ಆಟದ ಮೂಲಕ ನಿಷ್ಠೆ ಅಳೆಯುವ ಚಾಳಿ ನಮಗೂ ಹೊಸದಲ್ಲ. 1990ರಲ್ಲಿ ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್, ವಲಸಿಗರು ಯಾವ ಕ್ರಿಕೆಟ್ ತಂಡಕ್ಕೆ ಚಪ್ಪಾಳೆ ತಟ್ಟುತ್ತಾರೆಂದು ನೋಡಿ ಅವರ ದೇಶಪ್ರೇಮ ಅಳೆಯಬೇಕೆಂದಿದ್ದರು. ನಮ್ಮಲ್ಲಿ ಅದಕ್ಕೆ ಸಂಸತ್ ಸದಸ್ಯರೇ ಬೇಕೆಂದಿಲ್ಲ, ಭಾರತ-ಪಾಕ್ ಪಂದ್ಯದ ಮರುದಿನ ಚಹಾದಂಗಡಿಯ ಬೆಂಚು ಸಾಕು. 1999ರ ಜೂನ್‌ನಲ್ಲಿ ಕಾರ್ಗಿಲ್ ಹೊತ್ತಿ ಉರಿಯುವಾಗ ಮ್ಯಾಂಚೆಸ್ಟರ್‌ನಲ್ಲಿ ಪಂದ್ಯ ನಡೆದಿತ್ತು. ಗೆಲುವಿನ ಸಂತೋಷವನ್ನು ಕೆಲವರು ಸುಮ್ಮನೆ ಅನುಭವಿಸಿದರು, ಕೆಲವರು ಮಾತ್ರ ಸಾಬೀತುಪಡಿಸಬೇಕಾಯಿತು. ಆದ್ದರಿಂದ ಬ್ಯೂನಸ್ ಐರಿಸ್‌ನ ಬಾವುಟದ ಕತೆ ಈ ಪತ್ರಿಕೆಯ ಓದುಗರಿಗೆ ದೂರದ್ದೆನಿಸಲಾರದು.

ಸರಯೇವೊದ ಸ್ಕೆಂಡರಿಯ ಕೇಂದ್ರದ ಒಳಾಂಗಣ ಕ್ರೀಡಾಂಗಣಕ್ಕೆ ಇಂದು ಮಿರ್ಜಾ ಡೆಲಿಬಾಶಿಚ್ ಹೆಸರಿದೆ. ಡಿವಾಚ್ ಜೊತೆ ಕ್ಯಾಮೆರಾ ಬೆಲ್‌ಗ್ರೇಡ್‌ನಿಂದ ಝಾಗ್ರೆಬ್‌ಗೆ ಹೋಯಿತು. ಅಲ್ಲಿಂದ ಸರಯೇವೊಗೆ ಒಂದು ಹಗಲಿನ ದಾರಿ.