ಕೂಟಶಾಸನ ಮತ್ತು ಮಾನವತಾವಾದ

ನಮ್ಮ ಸನ್ಮಾನ ಪತ್ರಗಳಲ್ಲಿ ‘ಮಾನವತಾವಾದಿ’ ಬಲು ಅಗ್ಗದ ಬಿರುದು. ಮೆತ್ತಗಿನ ಮನಸ್ಸಿನ ಕವಿಗೂ ಸಲ್ಲುತ್ತದೆ, ಅನ್ನದಾನ ಮಾಡಿದ ಉದ್ಯಮಿಗೂ ಸಲ್ಲುತ್ತದೆ. ಕರುಣೆಗೆ ಮಾನವೀಯತೆ ಎಂಬ ಪದ ಇದ್ದೇ ಇದೆ. ‘ಮಾನವತಾವಾದ’ವನ್ನೂ ಅಲ್ಲಿಗೇ ಎಳೆದು ತಂದು ಅದರ ಹುಟ್ಟನ್ನು ಮರೆತಿದ್ದೇವೆ. ನವೋದಯ ಕಾಲದ ಇಟಲಿಯಲ್ಲಿ ‘ಉಮನಿಸ್ತಾ’ ಎಂದರೆ ವ್ಯಾಕರಣ, ಅಲಂಕಾರ, ಕಾವ್ಯ, ಇತಿಹಾಸ, ನೀತಿಶಾಸ್ತ್ರ ಕಲಿಸುವ ಮೇಷ್ಟ್ರು. ಅದಕ್ಕೆ ‘ವಾದ’ ಅಂಟಿದ್ದು ಬಹಳ ತಡವಾಗಿ, 1808ರಲ್ಲಿ, ಜರ್ಮನಿಯ ನೀಟ್‌ಹಾಮರ್ ಶಾಲಾ ಶಿಕ್ಷಣದ ಬಗ್ಗೆ ಬರೆದ ಪುಸ್ತಕದಲ್ಲಿ.

ಈ ಮೇಷ್ಟ್ರುಗಳ ಕಸುಬು ತಿಳಿಯಬೇಕಾದರೆ ಲೊರೆಂಜೊ ವಲ್ಲಾ 1440ರಲ್ಲಿ ಬರೆದ ಪ್ರಬಂಧ ನೋಡಬೇಕು. ಕುಷ್ಠ ವಾಸಿಯಾದ ಸಂತೋಷಕ್ಕೆ ಚಕ್ರವರ್ತಿ ಕಾನ್‌ಸ್ಟಂಟೈನ್ ರೋಮನ್ನೂ ಪಶ್ಚಿಮದ ಸೀಮೆಗಳನ್ನೂ ಪೋಪ್ ಸಿಲ್ವೆಸ್ಟರನಿಗೆ ಬರೆದುಕೊಟ್ಟನೆಂಬ ದಾನಪತ್ರವೊಂದಿತ್ತು. ಪೋಪರ ರಾಜಕೀಯ ಹಕ್ಕಿಗೆ ಅದೂ ಒಂದು ಆಧಾರವಾಗಿತ್ತು. ವಲ್ಲಾ ಅದರ ಲ್ಯಾಟಿನ್ನನ್ನು ಪದಪದವಾಗಿ ಹಿಂಜಿದ. ಪತ್ರದಲ್ಲಿ ರೋಮಿನ ಗಣ್ಯರ ಜೊತೆ ‘ಸತ್ರಪ’ರೂ ಕೂತಿದ್ದಾರೆ (ನಮ್ಮ ಇತಿಹಾಸದ ಕ್ಷತ್ರಪರ ಹೆಸರೇ ಅದು). ಪರ್ಷಿಯಾದ ಪದವಿ ರೋಮಿನ ಸಭೆಗೆ ಬಂದದ್ದು ಹೇಗೆ? ಚಕ್ರವರ್ತಿಯ ತಲೆಪಟ್ಟಿ ಬಟ್ಟೆಯದು. ಬರೆದವನು ಅದನ್ನು ಚಿನ್ನದ್ದೆಂದುಕೊಂಡಿದ್ದಾನೆ. ಇನ್ನೂ ಕಟ್ಟದ ಕಾನ್‌ಸ್ಟಾಂಟಿನೋಪಲ್ಲಿಗೆ ಆಗಲೇ ಧರ್ಮಪೀಠ! ನಾಲ್ಕನೆಯ ಶತಮಾನದ ಪತ್ರವೆಂಬ ಸೋಗು ಅಲ್ಲಿಗೆ ಕಳಚಿಬಿತ್ತು.

ಪ್ರಬಂಧ ನಿರ್ದೋಷವೇನಲ್ಲ. ಚಕ್ರವರ್ತಿಯ ಮಕ್ಕಳ ಬಾಯಿಗೆ ತುರುಕಿದ ಉದ್ದುದ್ದ ಭಾಷಣಗಳು ಬೇಸರ ಹಿಡಿಸುತ್ತವೆ, ಬೈಗುಳವಂತೂ ಧಾರಾಳ. ವಲ್ಲಾನ ಧಣಿ, ಅರಗಾನಿನ ದೊರೆ ಅಲ್ಫೊನ್ಸೊ, ಆಗ ಪೋಪನೊಂದಿಗೆ ಜಗಳಕ್ಕಿಳಿದಿದ್ದ ಎಂಬುದನ್ನೂ ಮರೆಯುವಂತಿಲ್ಲ. ಮುಂದೆ ವಲ್ಲಾ ಬೇರೊಬ್ಬ ಪೋಪನ ಕಚೇರಿಯಲ್ಲೇ ನೌಕರಿ ಹಿಡಿದ!

ಆದರೂ ಇಟಲಿಯ ತತ್ತ್ವಜ್ಞಾನಿ ಪಿಕೊ 1486ರಲ್ಲಿ ಬರೆದ, ಪಠ್ಯಪುಸ್ತಕಗಳು ಹಾಡಿ ಹೊಗಳುವ ಭಾಷಣಕ್ಕಿಂತ ನನಗೆ ವಲ್ಲಾನ ಪ್ರಬಂಧವೇ ಮೇಲು. ಪಿಕೊನ ಮಾತು ಸೊಗಸು, ಮನುಷ್ಯನನ್ನು ಅಟ್ಟಕ್ಕೇರಿಸುತ್ತದೆ. ‘ಮನುಷ್ಯನ ಘನತೆ’ ಎಂಬ ಶೀರ್ಷಿಕೆ ಮಾತ್ರ ಅವನದಲ್ಲ, ಆಮೇಲಿನವರು ಸೇರಿಸಿದ್ದು. ವಲ್ಲಾ ಮನುಷ್ಯನನ್ನು ಹೊಗಳುವ ಗೋಜಿಗೇ ಹೋಗದೆ, ಮನುಷ್ಯ ಬರೆದದ್ದನ್ನು ಮನುಷ್ಯ ಪರೀಕ್ಷಿಸಬಹುದೆಂದು ತೋರಿಸಿದ.

ಈ ಕಸುಬು ನಮಗೆ ಹೊಸದೇನಲ್ಲ. ಲಿಪಿ, ಭಾಷೆ, ತಿಥಿ ತಾಳೆ ನೋಡಿ ಶಾಸನತಜ್ಞ ಫ್ಲೀಟ್ ಗಂಗರ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು, ಅಂದರೆ ಖೋಟಾ ಎಂದು, ತಳ್ಳಿಹಾಕಿದರು, ಇನ್ನೊಬ್ಬ ಶಾಸನತಜ್ಞ ರೈಸ್ ಒಪ್ಪಲಿಲ್ಲ. ಮಾನವತಾವಾದದ ಪಾಠ ಹೇಳುವವರು ಪಂಪ, ಬಸವಣ್ಣನವರ ಜೊತೆಗೆ ಆ ಜಗಳವನ್ನೂ ಹುಡುಗರಿಗೆ ಓದಿಸಲಿ.